ಎಣಿಸಿ ನೋಡಿ ಹೇಳೋಣ

ಮಕ್ಕಳೇ, ಬೇಸಿಗೆಯ ಮಳೆಯಲ್ಲಿ ಆಲಿಕಲ್ಲು ಬಿದ್ದಾಗ ನೀವು ಅಂಗಳಕ್ಕೆ ಓಡಿ ಅವುಗಳನ್ನು ಆರಿಸಿಕೊಂಡಿರಬಹುದು. ಆದರೆ ರೈತನಿಗೆ ಅದು ಆಟವಲ್ಲ. 2014ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ನಮ್ಮ ಮಹಾರಾಷ್ಟ್ರದ ಅನೇಕ ಜಿಲ್ಲೆಗಳಲ್ಲಿ ಆಲಿಕಲ್ಲು ಬಿದ್ದು ದ್ರಾಕ್ಷಿ, ದಾಳಿಂಬೆ ತೋಟಗಳು ಹಾಳಾದವು. ಮೋಡದೊಳಗೆ ಈ ಮಂಜುಗಡ್ಡೆ ಹೇಗೆ ಹುಟ್ಟುತ್ತದೆ?

ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ನಾವು ಓದಿದ್ದೇವೆ. ಮೋಡದಲ್ಲಿರುವ ಸಣ್ಣ ಹನಿಗಳು ಹಾಗಲ್ಲ. ಶುದ್ಧವಾದ ಹನಿಯು ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗಿನ ಚಳಿಯವರೆಗೂ ನೀರಾಗಿಯೇ ಉಳಿಯಬಲ್ಲದು. ಹಾಲು ಮೊಸರಾಗಲು ಹೆಪ್ಪು ಬೇಕಲ್ಲವೇ? ಹಾಗೆಯೇ ಹನಿಯು ಬೇಗ ಮಂಜಾಗಲು ಒಂದು ಸೂಕ್ಷ್ಮ ಕಣ ಬೇಕು. ಅದನ್ನು ನಾವು ಹೆಪ್ಪಿನ ಕಣ ಎನ್ನೋಣ. ಮಣ್ಣಿನ ಧೂಳು, ಹೂವಿನ ಪರಾಗ, ಕೆಲವು ಬ್ಯಾಕ್ಟೀರಿಯಾಗಳು ಈ ಕೆಲಸ ಮಾಡುತ್ತವೆ. ಗಾಳಿಯಲ್ಲಿ ತೇಲುವ ಲಕ್ಷಾಂತರ ಕಣಗಳಲ್ಲಿ ಇಂತಹವು ಬಹಳ ವಿರಳ.

ನಗರಗಳ ಗಾಳಿಯಲ್ಲಿ ವಾಹನಗಳ ಮತ್ತು ಕಾರ್ಖಾನೆಗಳ ಹೊಗೆ ತುಂಬಿರುತ್ತದೆ. ಹಾಗಾದರೆ ಅಲ್ಲಿ ಹೆಪ್ಪಿನ ಕಣಗಳೂ ಹೆಚ್ಚಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನಾನೂ ಹಾಗೆಯೇ ತಿಳಿದಿದ್ದೆ.

ಆದರೆ ವಿಜ್ಞಾನಿಗಳು ಎಣಿಸಿ ನೋಡಿದರು. 2016ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಚೀನಾ ದೇಶದ ಬೀಜಿಂಗ್ ನಗರದಲ್ಲಿ ಗಾಳಿಯನ್ನು ತೆಳುವಾದ ಸೋಸುಹಾಳೆಗಳ ಮೂಲಕ ಎಳೆದು ಕಣಗಳನ್ನು ಹಿಡಿದರು. ಆ ಕಣಗಳನ್ನು ಶುದ್ಧ ನೀರಿನಲ್ಲಿ ಬೆರೆಸಿದರು. ಆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಬೇರೆ ಇಟ್ಟು ನಿಧಾನವಾಗಿ ತಣಿಸಿದರು. ಎಷ್ಟು ಚಳಿಗೆ ಎಷ್ಟು ಭಾಗ ಹೆಪ್ಪುಗಟ್ಟಿತು ಎಂಬುದನ್ನು ಬರೆದುಕೊಂಡರು. ಇದರಿಂದ ಹೆಪ್ಪಿನ ಕಣಗಳ ಲೆಕ್ಕ ಸಿಕ್ಕಿತು. ಫಲಿತಾಂಶವೇನು? ಹೊಗೆ ದಟ್ಟವಾಗಿ ಕವಿದ ದಿನಗಳಲ್ಲಿಯೂ ಹೆಪ್ಪಿನ ಕಣಗಳು ಅದಕ್ಕೆ ತಕ್ಕಂತೆ ಹೆಚ್ಚಿರಲಿಲ್ಲ!

ಹಾಗೆಂದು ಹೊಗೆ ಒಳ್ಳೆಯದೆಂದು ತಿಳಿಯಬೇಡಿರಿ. ಅದು ನಮ್ಮ ಶ್ವಾಸಕೋಶಗಳಿಗೆ ಹಾನಿ ಮಾಡುತ್ತದೆ. ಅದನ್ನು ಕಡಿಮೆ ಮಾಡಲು ಈ ಒಂದು ಕಾರಣವೇ ಸಾಕು. ಅದರ ಮೇಲೆ ಇಲ್ಲದ ತಪ್ಪನ್ನು ಹೊರಿಸಬೇಕಾಗಿಲ್ಲ.

ಬೀಜಿಂಗಿನ ಚಳಿಗಾಲದ ಲೆಕ್ಕವು ನಮ್ಮ ಸೊಲ್ಲಾಪುರದ ಬೇಸಿಗೆಗೂ ಹೊಂದಬೇಕೆಂದಿಲ್ಲ. ಇಲ್ಲಿಯ ಮಣ್ಣು ಬೇರೆ, ಗಾಳಿ ಬೇರೆ, ಬೆಳೆ ಬೇರೆ. ಆದ್ದರಿಂದ ನಮ್ಮ ಊರುಗಳ ಗಾಳಿಯನ್ನೂ ಎಲ್ಲ ಋತುಗಳಲ್ಲಿ ಹೀಗೆ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಮಳೆ, ಆಲಿಕಲ್ಲುಗಳ ವಿಷಯದಲ್ಲಿ ರೈತನಿಗೆ ಹೇಳುವ ಮಾತು ಊಹೆಯದಾಗಿರಬಾರದು.

ನಿಮ್ಮಲ್ಲಿ ಕೆಲವರು ಮುಂದೆ ಈ ಕೆಲಸವನ್ನು ಮಾಡಬಹುದು. ಅಲ್ಲಿಯವರೆಗೆ ಒಂದು ಅಭ್ಯಾಸ ಇಟ್ಟುಕೊಳ್ಳಿರಿ. ಯಾರಾದರೂ “ಇದು ಹೀಗೆಯೇ” ಎಂದು ಹೇಳಿದರೆ, “ಎಣಿಸಿ ನೋಡಿದ್ದೀರಾ?” ಎಂದು ವಿನಯದಿಂದ ಕೇಳಿರಿ. ನಿಮ್ಮ ಗುರುಗಳನ್ನೂ ಕೇಳಿರಿ. ಅವರು ಕೋಪಿಸಿಕೊಳ್ಳುವುದಿಲ್ಲ, ಸಂತೋಷಪಡುತ್ತಾರೆ.