ಅರ್ಧಕ್ಕೇ ನಿಂತ ಹಾಲುಗಳು

ಹೈದರಾಬಾದಿನ ಕನ್ನಡಿಗರ ಮನೆಗಳನ್ನು ನೋಡಿ ನೋಡಿ ನನಗೊಂದು ಅನುಮಾನ ಶುರುವಾಗಿದೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಇನ್ನೂ ಈ ಊರಿಗೆ ಬಂದೇ ಇಲ್ಲ!

ಆಧಾರ್ ಕಾರ್ಡಿನಲ್ಲಿ ಇಲ್ಲಿಯ ವಿಳಾಸವಿದೆ, ಬ್ಯಾಂಕಿಗೆ ತಿಂಗಳು ತಿಂಗಳು ಕಂತು ಹೋಗುತ್ತದೆ, ಮಕ್ಕಳು ತೆಲುಗಿನಲ್ಲೇ ಜಗಳ ಆಡುತ್ತಾರೆ. ಆದರೆ ಮನೆಯ ಹಾಲ್‌ಗೆ ಕಾಲಿಟ್ಟರೆ ನಿನ್ನೆ ರಾತ್ರಿ ಲಾರಿಯಿಂದ ಸಾಮಾನು ಇಳಿಸಿದ ಹಾಗಿರುತ್ತದೆ. ಹಿಂದಿದ್ದ ಬಾಡಿಗೆದಾರ ಹೊಡೆದ ಮೊಳೆಗೆ ಕ್ಯಾಲೆಂಡರು. ಟೀವಿ ಎಲ್ಲಿ ಪ್ಲಗ್ ಪಾಯಿಂಟ್ ಇತ್ತೋ ಅಲ್ಲಿ. ಸೋಫಾ ಗೋಡೆಗೆ ಅಂಟಿಕೊಂಡು ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನ ಥರ. ಮೇಲೆ ಒಂದೇ ಒಂದು ಟ್ಯೂಬ್‌ಲೈಟು. ಬಾಲ್ಕನಿಯಲ್ಲಿ ಇನ್ನೂ ಬಿಚ್ಚದ ಎರಡು ರಟ್ಟಿನ ಡಬ್ಬ. ಕೇಳಿದರೆ ಸಿದ್ಧ ಉತ್ತರ: "ಇರ್ಲಿ ಬಿಡ್ರಿ, ಹೆಂಗಿದ್ರೂ ರಿಟೈರ್ ಆದ್ಮ್ಯಾಗ ಊರಿಗೆ ಹೋಗೋದೇ ಐತಲ್ಲ."

ಈ ಮಾತು ಹೇಳಿದವರು ಇಲ್ಲಿಗೆ ಬಂದು ಇಪ್ಪತ್ತು ಇಪ್ಪತ್ತೈದು ವರ್ಷ ಆಗಿರುತ್ತದೆ. ಊರಿನ ಮನೆ ತಮ್ಮನ ಪಾಲಿಗೆ ಹೋಗಿರುತ್ತದೆ. ಆದರೂ ಹಾಲ್ ಮಾತ್ರ ಬಸ್ ಸ್ಟ್ಯಾಂಡಿನ ಹಾಗೆ, ಮುಂದಿನ ಬಸ್ಸಿಗೆ ಕಾಯುತ್ತಲೇ ಇರುತ್ತದೆ.

ಇನ್ನೊಂದು ಬಗೆಯ ಮನೆಗಳೂ ಇವೆ. ಗಚ್ಚಿಬೌಲಿ, ಕೊಂಡಾಪುರದ ಕಡೆ ಹೊಸ ಅಪಾರ್ಟ್‌ಮೆಂಟ್ ತಗೊಂಡು, ಇಂಟೀರಿಯರ್‌ನವರಿಗೆ ಗುತ್ತಿಗೆ ಕೊಟ್ಟ ಮನೆಗಳು. ಫಾಲ್ಸ್ ಸೀಲಿಂಗು, ಅದರ ಸುತ್ತ ನೀಲಿ ಬೆಳಕು, ಗೋಡೆಯುದ್ದಕ್ಕೂ ಒಂದೇ ಬಣ್ಣದ ಲ್ಯಾಮಿನೇಟು, ಗಾಜಿನ ಟೀಪಾಯಿ. ಗೃಹಪ್ರವೇಶದ ಫೋಟೋದಲ್ಲಿ ಅಮೋಘ. ಆದರೆ ಒಂದು ಗಂಟೆ ಕೂತರೆ ಎದ್ದು ಹೋಗಬೇಕು ಅನ್ನಿಸುತ್ತದೆ. ಕಾಫಿ ಲೋಟ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಮನೆಯವರೇ ಬೆಡ್‌ರೂಮಿನ ಮಂಚದ ಮೇಲೆ ಕೂತು ಊಟ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಇದೂ ಅರ್ಧಕ್ಕೇ ನಿಂತ ಮನೆಯೇ. ಮೊದಲನೆಯದರಲ್ಲಿ ಸಾಮಾನಿಗೆ ಜಾಗ ಸಿಕ್ಕಿಲ್ಲ, ಎರಡನೆಯದರಲ್ಲಿ ಮನುಷ್ಯರಿಗೆ ಜಾಗ ಸಿಕ್ಕಿಲ್ಲ. ಅಷ್ಟೇ ವ್ಯತ್ಯಾಸ.

ಹಾಗಾದರೆ ಒಂದು ಕೋಣೆ 'ಪೂರ್ತಿ ಆಯಿತು' ಅನ್ನಿಸುವುದು ಯಾವಾಗ?

ಈ ಪ್ರಶ್ನೆಗೆ ನಮ್ಮ ಊರಿನಲ್ಲಿ ದೊಡ್ಡ ಪಾಠವೊಂದು ನಡೆದದ್ದು 2018ರ ಆಗಸ್ಟ್ 9ರಂದು. ಇಕಿಯಾ ಕಂಪನಿ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರು, ಮುಂಬೈ ಬಿಟ್ಟು ಇಲ್ಲಿ ಹೈಟೆಕ್ ಸಿಟಿಯಲ್ಲಿ ತೆರೆಯಿತು. ಸುಮಾರು 4 ಲಕ್ಷ ಚದರಡಿಯ ಅಂಗಡಿ, ಒಳಗೆ ಸಾವಿರ ಜನ ಕೂತು ತಿನ್ನುವ ಹೋಟೆಲು. (ಬೆಂಗಳೂರಿನ ನಾಗಸಂದ್ರದವರು 2022ರ ಜೂನ್‌ವರೆಗೆ ಕಾಯಬೇಕಾಯಿತು. ಹೈದರಾಬಾದಿನವರು ನಾವು ಬೆಂಗಳೂರಿನ ಬಂಧುಗಳ ಮುಂದೆ ಕಾಲರ್ ಮೇಲೆತ್ತಲು ಸಿಕ್ಕ ಕೆಲವೇ ಅವಕಾಶಗಳಲ್ಲಿ ಇದೂ ಒಂದು!) ಮೊದಲ ದಿನ ಆ ರಸ್ತೆಯಲ್ಲಿ ಟ್ರಾಫಿಕ್ ಕದಲಲಿಲ್ಲ. ಜನ ಬಂದದ್ದು ಕುರ್ಚಿ ಕೊಳ್ಳುವುದಕ್ಕೆ ಅಂತ ನೀವು ತಿಳಿದಿದ್ದರೆ ತಪ್ಪು. ಜನ ಬಂದದ್ದು ಕೋಣೆ ನೋಡುವುದಕ್ಕೆ. ಕೆಳಗೆ ಸಾಮಾನು ಮಾರುತ್ತಾರೆ, ಮೇಲೆ ಪುಟ್ಟ ಪುಟ್ಟ ಕೋಣೆಗಳನ್ನು ಜೋಡಿಸಿಟ್ಟಿರುತ್ತಾರೆ. ಹಾಲ್, ಅಡಿಗೆಮನೆ, ಮಕ್ಕಳ ರೂಮು. ಯಾರೋ ಈಗಷ್ಟೇ ಎದ್ದು ನೀರು ಕುಡಿಯಲು ಹೋದ ಹಾಗೆ. ಸಂಸಾರ ಸಮೇತ ಜನ ಆ ಸೋಫಾಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಈಗಲೂ ತೆಗೆಸಿಕೊಳ್ಳುತ್ತಾರೆ.

ಆ ಕೋಣೆಗಳಲ್ಲಿರುವ ಸಾಮಾನು ದುಬಾರಿಯದೇನಲ್ಲ. ಅಂಗಡಿ ತೆರೆದಾಗಲೇ ಸಾವಿರ ಸಾಮಾನು 200 ರೂಪಾಯಿಗಿಂತ ಕಡಿಮೆ ಬೆಲೆಗೆ ಅಂತ ಹೇಳಿಕೊಂಡಿದ್ದರು. ಎಷ್ಟೋ ಪೀಠೋಪಕರಣಗಳು ಪಾರ್ಟಿಕಲ್ ಬೋರ್ಡಿನವು. ನಮ್ಮಜ್ಜನ ಸಾಗುವಾನಿ ಕಪಾಟಿನ ಮುಂದೆ ಅವು ಏನೂ ಅಲ್ಲ, ನೀರು ಬಿದ್ದರೆ ಉಬ್ಬಿಕೊಳ್ಳುತ್ತವೆ. ಆದರೂ ಕೋಣೆ ಪೂರ್ತಿ ಕಾಣುತ್ತದೆ. ಯಾಕೆಂದರೆ ಅಲ್ಲಿ ಪ್ರತಿ ಕುರ್ಚಿಗೂ ಒಂದು ಕೆಲಸವಿದೆ. ಓದುವ ಕುರ್ಚಿಯ ಪಕ್ಕ ದೀಪವಿದೆ, ದೀಪದ ಪಕ್ಕ ಲೋಟ ಇಡಲು ಜಾಗವಿದೆ, ಕಾಲಡಿಗೆ ಚಾಪೆಯಿದೆ. ಅಲ್ಲಿ ಕೂರುವ ಮನುಷ್ಯ ಏನು ಮಾಡುತ್ತಾನೆ ಅಂತ ಯಾರೋ ಯೋಚಿಸಿದ್ದಾರೆ. ನಾವು ಯೋಚಿಸುವುದು ಬರೀ ಸೋಫಾಗೆ ಗೋಡೆ ಎಷ್ಟು ಉದ್ದ ಬೇಕು ಅಂತ.

ಇದನ್ನು ಸ್ವೀಡನ್ನಿನವರೇ ಬಂದು ಕಲಿಸಬೇಕಾಗಿರಲಿಲ್ಲ ಅನ್ನಿ. ಚಾರ್‌ಮಿನಾರಿನ ಹತ್ತಿರದ ಚೌಮಹಲ್ಲಾ ಅರಮನೆಗೆ ಹೋಗಿ ನೋಡಿ. ದರ್ಬಾರು ನಡೆಯುತ್ತಿದ್ದ ಖಿಲ್ವತ್‌ನಲ್ಲಿ ಪೀಠೋಪಕರಣ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಮೇಲೆ 19 ಬೆಲ್ಜಿಯಂ ಗಾಜಿನ ದೀಪಗುಚ್ಛಗಳು, ಎದುರಿಗೆ ಅಮೃತಶಿಲೆಯ ಕಟ್ಟೆ, ಉಳಿದದ್ದೆಲ್ಲ ನೆಲ. ಆದರೆ ಆ ಕೋಣೆಯಲ್ಲಿ ಏನೋ ಕಮ್ಮಿಯಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಕಣ್ಣು ಎಲ್ಲಿಗೆ ಹೋಗಬೇಕು ಅನ್ನುವುದು ಸ್ಪಷ್ಟವಾಗಿದೆ, ಬೆಳಕು ಎಲ್ಲಿಂದ ಬರಬೇಕು ಅನ್ನುವುದು ಸ್ಪಷ್ಟವಾಗಿದೆ, ಜನಕ್ಕೆ ಜಾಗ ಬಿಟ್ಟಿದ್ದಾರೆ.

ಅಲ್ಲಿಂದ ಸಾಲಾರ್‌ಜಂಗ್ ಮ್ಯೂಸಿಯಂ ದೂರವಿಲ್ಲ. ಮೂರನೇ ಸಾಲಾರ್‌ಜಂಗ್ ಮೀರ್ ಯೂಸುಫ್ ಅಲಿ ಖಾನ್ ಜೀವಮಾನವಿಡೀ ಸಾಮಾನು ಕೂಡಿಹಾಕಿದವರು. 1949ರಲ್ಲಿ ಅವರು ತೀರಿಕೊಂಡಾಗ ಮಡದಿ ಮಕ್ಕಳಿರಲಿಲ್ಲ, ಮನೆ ತುಂಬ ಸಾಮಾನಿತ್ತು. ಅವರ ದಿವಾನ್ ದೇವ್ಡಿಯಲ್ಲೇ 1951ರಲ್ಲಿ ಮ್ಯೂಸಿಯಂ ತೆರೆದರು, 1968ರಲ್ಲಿ ಅದು ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಅಲ್ಲಿ ಫ್ರಾನ್ಸಿನ 16ನೇ ಲೂಯಿ ನಮ್ಮ ಟಿಪ್ಪುವಿಗೆ ಕಳಿಸಿದ್ದು ಅಂತ ಹೇಳುವ ದಂತದ ಕುರ್ಚಿಗಳಿವೆ. ಕನ್ನಡಿಗರು ಅವುಗಳ ಮುಂದೆ ಒಂದು ನಿಮಿಷ ಜಾಸ್ತಿಯೇ ನಿಲ್ಲುತ್ತಾರೆ. ಆದರೆ ಅವು ಯಾರೂ ಕೂರದ ಕುರ್ಚಿಗಳು. ಮ್ಯೂಸಿಯಂಗೆ ಅದು ಸರಿ. ಮನೆಯಲ್ಲಿ ಪ್ಲಾಸ್ಟಿಕ್ ಕವರ್ ತೆಗೆಯದ ಸೋಫಾ, ಬೀಗ ಹಾಕಿದ ಶೋಕೇಸಿನಲ್ಲಿ ಬಳಸದ ಕಪ್ಪು ಬಸಿ ಇಟ್ಟುಕೊಂಡು ನಾವೂ ಒಂದೊಂದು ಪುಟ್ಟ ಸಾಲಾರ್‌ಜಂಗ್ ನಡೆಸುತ್ತೇವಲ್ಲ, ಅದು ಯಾರಿಗಾಗಿ?

ನಮ್ಮ ರಾಯಚೂರು, ಕಲಬುರಗಿ ಕಡೆಯ ಹಳೇ ಮನೆಗಳ ಪಡಸಾಲೆ ನೆನಪಿಸಿಕೊಳ್ಳಿ. ಒಂದು ಗಾದಿ, ಎರಡು ಲೋಡು, ಮೂಲೆಯಲ್ಲಿ ಹೊರಸು, ಗೋಡೆಯಲ್ಲಿ ದೀಪದ ಗೂಡು, ಬಂದವರು ಜಾಸ್ತಿಯಾದರೆ ಹಾಸಲು ಸುತ್ತಿಟ್ಟ ಜಮಖಾನ. ಮುಗಿಯಿತು. ಯಾರೂ ಅದನ್ನು ಡೆಕೊರೇಟ್ ಮಾಡಿರಲಿಲ್ಲ, ಆದರೂ ಅದು ಪೂರ್ತಿ ಇತ್ತು. ಯಜಮಾನರ ಜಾಗ, ಅಜ್ಜಿಯ ಜಾಗ, ಲೆಕ್ಕ ಬರೆಯುವ ಜಾಗ ಎಲ್ಲ ಗೊತ್ತಿತ್ತು. 1948ರವರೆಗೆ ನಾವು ಈ ಹೈದರಾಬಾದಿನ ಪ್ರಜೆಗಳೇ ಆಗಿದ್ದವರು. ಇಲ್ಲಿಯ ಹಳೇ ಮನೆಗಳ ತಖ್ತ್, ಗಾವ್‌ತಕಿಯಾಗಳಿಗೂ ನಮ್ಮ ಗಾದಿ ಲೋಡಿಗೂ ಏನು ದೂರ? ಇಲ್ಲಿಯ ಹಳೇ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಬಂದದ್ದೇ ಕಲಬುರಗಿ ಜಿಲ್ಲೆಯ ಕಡೆಯಿಂದ. ಅಂದರೆ ನಾವು ಬರುವ ಮೊದಲೇ ನಮ್ಮೂರಿನ ಕಲ್ಲು ಬಂದು ಇಲ್ಲಿ ಸೆಟಲ್ ಆಗಿತ್ತು!

ಸರಿ, ಉಪದೇಶ ಸಾಕು, ಈಗ ಏನು ಮಾಡಬೇಕು ಹೇಳಿ ಅಂತೀರಾ? ನನಗೆ ತಿಳಿದಷ್ಟು ಹೇಳುತ್ತೇನೆ. ಒಂದಕ್ಕೂ ಕಾಂಟ್ರಾಕ್ಟರ್ ಬೇಡ.

ಮೊದಲು ಫ್ಯಾನ್ ನೋಡಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕೂರುವ ಜಾಗ ನಿರ್ಧರಿಸುವುದು ವಾಸ್ತುವಿಗಿಂತ ಮೊದಲು ಫ್ಯಾನು. ವಿದೇಶಿ ಪುಸ್ತಕಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಸೋಫಾ ಗೋಡೆಗೆ ಅಂಟಿದ್ದರೆ ಗಾಳಿ ನಡುವಿನ ಖಾಲಿ ನೆಲಕ್ಕೆ ಬೀಸುತ್ತಿರುತ್ತದೆ. ಗೋಡೆಯಿಂದ ಒಂದಡಿ ಮುಂದೆ ಎಳೆಯಿರಿ, ಎದುರಿಗೆ ಎರಡು ಹಗುರ ಕುರ್ಚಿ ಹಾಕಿ. ಎದುರುಬದುರು ಕೂತವರ ನಡುವೆ ಏಳೆಂಟು ಅಡಿಗಿಂತ ಹೆಚ್ಚಿದ್ದರೆ ದನಿ ಏರಿಸಿ ಮಾತಾಡಬೇಕಾಗುತ್ತದೆ, ಆಮೇಲೆ ಮಾತೇ ನಿಂತು ಎಲ್ಲರೂ ಟೀವಿ ಕಡೆ ತಿರುಗುತ್ತಾರೆ. ಟೀಪಾಯಿ ಸೋಫಾದಿಂದ ಒಂದೂವರೆ ಅಡಿ ದೂರದಲ್ಲಿದ್ದರೆ ಕೈಗೂ ಸಿಗುತ್ತದೆ, ಮೊಣಕಾಲಿಗೂ ತಾಗುವುದಿಲ್ಲ. ಓಡಾಡುವ ದಾರಿಗೆ ಎರಡೂವರೆ ಮೂರಡಿ ಬಿಡಿ.

ಎರಡನೆಯದು ನೆಲ. ಸೋಫಾ, ಕುರ್ಚಿ, ಟೀಪಾಯಿ ಮೂರೂ ಬೇರೆ ಬೇರೆ ದ್ವೀಪಗಳ ಹಾಗೆ ಕಾಣುತ್ತಿದ್ದರೆ ಅವುಗಳನ್ನು ಒಟ್ಟು ಮಾಡುವುದು ಕೆಳಗಿನ ಹಾಸು. ಸೋಫಾದ ಮುಂದಿನ ಎರಡು ಕಾಲಾದರೂ ಅದರ ಮೇಲೆ ಬರಬೇಕು. ಬಾಗಿಲೊರೆಸಿನಷ್ಟು ಚಿಕ್ಕದನ್ನು ನಡುವೆ ಎಸೆದರೆ ಕೋಣೆ ಇನ್ನಷ್ಟು ಬಡವಾಗುತ್ತದೆ. ಇದಕ್ಕೆ ಪರ್ಷಿಯನ್ ಕಾರ್ಪೆಟ್ ಬೇಡ, ನಮ್ಮ ಧೂಳಿಗೆ ಅದು ಆಗುವುದೂ ಇಲ್ಲ. ನವಲಗುಂದದ ಹೆಣ್ಣುಮಕ್ಕಳು ಹತ್ತಿ ನೂಲಿನಲ್ಲಿ ನೇಯುವ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಇಲ್ಲಿಯ ವಾರಂಗಲ್ ದರಿಗಳಿಗೆ 2018ರಲ್ಲಿ ಸಿಕ್ಕಿದೆ. ಕೊಡವಿ ಬಿಸಿಲಿಗೆ ಹಾಕಬಹುದು. ಸತ್ಯನಾರಾಯಣ ಪೂಜೆಯ ದಿನ ಟೀಪಾಯಿ ಪಕ್ಕಕ್ಕಿಟ್ಟರೆ ಹದಿನೈದು ಜನ ಅದರ ಮೇಲೇ ಕೂರಬಹುದು.

ಮೂರನೆಯದು ಬೆಳಕು. ಒಂದೇ ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ ರಾಜನ ಮನೆಯೂ ರೇಷನ್ ಅಂಗಡಿಯ ಹಾಗೆ ಕಾಣುತ್ತದೆ. ಬಲ್ಬಿನ ಡಬ್ಬದ ಮೇಲೆ 6500ಕೆ ಅಂತಿದ್ದರೆ ಅದು ಬಿಳಿ, 2700 ಅಥವಾ 3000ಕೆ ಅಂತಿದ್ದರೆ ಹಳದಿ. ಟ್ಯೂಬ್‌ಲೈಟು ಓದುವುದಕ್ಕೆ, ಅಕ್ಕಿ ಆರಿಸುವುದಕ್ಕೆ ಇರಲಿ. ಸಂಜೆಗೆ ಮೂಲೆಯಲ್ಲೊಂದು, ಕುರ್ಚಿಯ ಪಕ್ಕದಲ್ಲೊಂದು ಹಳದಿ ದೀಪ ಹಾಕಿ ನೋಡಿ. ನೂರಿನ್ನೂರು ರೂಪಾಯಿಯ ಬಲ್ಬು ಮಾಡುವ ಕೆಲಸವನ್ನು ಎರಡು ಲಕ್ಷದ ಫಾಲ್ಸ್ ಸೀಲಿಂಗು ಮಾಡುವುದಿಲ್ಲ.

ನಾಲ್ಕನೆಯದು ಎತ್ತರ. ಫೋಟೋಗಳನ್ನು ನಾವು ದೇವರಿಗೆ ಮಾತ್ರ ಕಾಣುವ ಎತ್ತರದಲ್ಲಿ ನೇತು ಹಾಕುತ್ತೇವೆ. ಚಿತ್ರದ ನಡುಭಾಗ ನೆಲದಿಂದ ಐದಡಿಗೆ ಸ್ವಲ್ಪ ಕಮ್ಮಿ ಇರಲಿ, ನಿಂತವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಪರದೆ ಮಾತ್ರ ಉಲ್ಟಾ. ಕಿಟಕಿಯ ಚೌಕಟ್ಟಿಗಿಂತ ಅರ್ಧ ಅಡಿ ಮೇಲಿಂದ ಶುರುವಾಗಿ ನೆಲ ಮುಟ್ಟಬೇಕು. ಕಿಟಕಿಯಷ್ಟೇ ಅಳತೆಗೆ ಕತ್ತರಿಸಿದ ಪರದೆ ಬೆಳೆದ ಹುಡುಗನಿಗೆ ಹಳೇ ಪ್ಯಾಂಟ್ ತೊಡಿಸಿದ ಹಾಗೆ.

ಕೊನೆಯದಾಗಿ, ಎಲ್ಲ ಒಂದೇ ಸೆಟ್ ಆಗಿರಲೇಬೇಕು ಅನ್ನುವ ಹಟ ಬಿಡಿ. ಜನವರಿ ಒಂದರಿಂದ ನಾಂಪಲ್ಲಿಯಲ್ಲಿ ನುಮಾಯಿಷ್ ಶುರುವಾಗುತ್ತದಲ್ಲ, 1938ರಲ್ಲಿ ಉಸ್ಮಾನಿಯಾದ ಪದವೀಧರರು ಹುಟ್ಟುಹಾಕಿದ ಆ ಜಾತ್ರೆಯಲ್ಲಿ ಸಹರಾನ್‌ಪುರದ ಕೆತ್ತನೆಯ ಒಂದು ಪುಟ್ಟ ಸ್ಟೂಲು ತಗೊಳ್ಳಿ. ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಹಳೇ ಕುರ್ಚಿ ಸಿಕ್ಕರೆ ಬೆತ್ತ ಹೆಣೆಸಿ. ಮೊಣಕಾಲು ನೋವಿನ ಅಪ್ಪ ಅಮ್ಮ ಊರಿಂದ ಬರುತ್ತಾರೆ ಅಂದರೆ ಕೈಯಿರುವ, ನೆಟ್ಟಗಿನ, ಎತ್ತರದ ಒಂದು ಕುರ್ಚಿ ಹಾಲ್‌ನಲ್ಲಿ ಇರಲೇಬೇಕು. ತಗ್ಗಿನ ಸೋಫಾದಿಂದ ಅವರು ಏಳುವಾಗಿನ ಪಾಡು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಬಾಡಿಗೆ ಮನೆಗೆ ಯಾಕ್ರೀ ಇಷ್ಟು? ಇಲ್ಲೇ ಬೇರು ಬಿಟ್ರೆ ಊರು ಮರೆತ ಹಾಗಾಗಲ್ವಾ?"

ಬಾಡಿಗೆಯ ಮಾತಿಗೆ ಉತ್ತರ ಸುಲಭ. ಮೇಲೆ ಹೇಳಿದ್ದರಲ್ಲಿ ಮೊಳೆಯ ತೂತು ಬಿಟ್ಟರೆ ಉಳಿದದ್ದೆಲ್ಲ ಲಾರಿ ಹತ್ತಿ ನಿಮ್ಮ ಜೊತೆಗೇ ಬರುತ್ತದೆ. ಮಾಲೀಕನಿಗೆ ಬಿಟ್ಟು ಹೋಗುವುದು ಫಾಲ್ಸ್ ಸೀಲಿಂಗನ್ನು ಮಾತ್ರ.

ಊರಿನ ಮಾತಿಗೆ ನನ್ನ ಉತ್ತರ ಸ್ವಲ್ಪ ಖಾರವಾಗಿದೆ. ಊರನ್ನು ನೆನಪಿಟ್ಟುಕೊಳ್ಳುವುದಕ್ಕೂ ಹಾಲನ್ನು ಅರ್ಧಕ್ಕೇ ನಿಲ್ಲಿಸುವುದಕ್ಕೂ ಸಂಬಂಧವಿಲ್ಲ. ಅಜ್ಜಿ ಹೊಲಿದ ಕೌದಿಯನ್ನು ಅಟ್ಟದ ಸೂಟ್‌ಕೇಸಿನಲ್ಲಿ ನುಸಿಗುಳಿಗೆ ಜೊತೆ ಇಟ್ಟು, ಸೋಫಾ ಮೇಲೆ ನೈಲಾನ್ ಹೊದಿಕೆ ಹಾಕುವವರೂ ನಾವೇ. ಆ ಕೌದಿ ಸೋಫಾದ ಬೆನ್ನಿಗೆ ಬರಲಿ. ಮದುವೆಗೆ ಬಂದ ಬಿದರಿ ಹೂದಾನಿ ಡಬ್ಬದಿಂದ ಆಚೆ ಬಂದು ಅದರಲ್ಲಿ ನಾಲ್ಕು ಒಣಹೂವಾದರೂ ನಿಲ್ಲಲಿ. ಊರು ಕಾಣಬೇಕಾದದ್ದು ಅಲ್ಲಿ.

ಮತ್ತೆ, ಈ ಮನೆ ನಮಗೆ ತಾತ್ಕಾಲಿಕ ಇರಬಹುದು, ಮಕ್ಕಳಿಗೆ ಅಲ್ಲ. ಅವರು ಹುಟ್ಟಿದ್ದು ಇಲ್ಲಿ, ಬಿದ್ದು ಮೊಣಕೈ ಕೆತ್ತಿಕೊಂಡದ್ದು ಇದೇ ನೆಲದ ಮೇಲೆ. ನಾಳೆ ಅವರು ಡಲ್ಲಾಸಿಗೋ ಪುಣೆಗೋ ಹೋದಾಗ 'ನಮ್ಮನೆ' ಅಂತ ಕಣ್ಮುಂದೆ ಬರುವುದು ನಿಮ್ಮ ರಾಯಚೂರಿನ ಪಡಸಾಲೆಯಲ್ಲ, ಈ ಹಾಲು. ಅವರಿಗೆ ನೆನಪಿಟ್ಟುಕೊಳ್ಳಲು ಬಿಚ್ಚದ ರಟ್ಟಿನ ಡಬ್ಬವನ್ನೂ 'ಹೆಂಗಿದ್ರೂ ಹೋಗೋರು' ಅನ್ನುವ ಮಾತನ್ನೂ ಕೊಟ್ಟು, ಆಮೇಲೆ 'ಮಕ್ಕಳಿಗೆ ಮನೆಯ ಮೇಲೆ ಮಮತೆಯಿಲ್ಲ' ಅಂತ ದೂರುವುದು ನ್ಯಾಯವಲ್ಲ. ಎಲ್ಲಿಯೂ ಪೂರ್ತಿ ವಾಸ ಮಾಡದ ಅಪ್ಪ ಅಮ್ಮನಿಂದ ಮಕ್ಕಳು ವಾಸ ಮಾಡುವುದನ್ನು ಹೇಗೆ ಕಲಿಯಬೇಕು?

ಹೋಗುವ ದಿನ ಬಂದಾಗ ಹೋಗೋಣ. ಅಲ್ಲಿಯವರೆಗೆ ಈ ಭಾನುವಾರ ಆ ಎರಡು ಡಬ್ಬ ಬಿಚ್ಚಿ, ಸೋಫಾವನ್ನು ಒಂದಡಿ ಮುಂದಕ್ಕೆ ಎಳೆದರೆ ಗಂಟೇನು ಹೋಗುತ್ತದೆ?

ನೀವೇನಂತೀರಿ?