ಸವೆದ ಟೈಮಿಂಗ್ ಕವರ್ ಮತ್ತು ಬರೆಯದೆ ಉಳಿದ ಬಿಲ್

ಯಶವಂತಪುರದ ಟ್ರಕ್ ಟರ್ಮಿನಲ್‌ನಿಂದ ಪೀಣ್ಯದ ವೆಲ್ಡಿಂಗ್ ಮತ್ತು ಲೇತ್ ಕಾರ್ಯಾಗಾರಗಳು ದೂರವಿಲ್ಲ. ಹಳೆಯ ಲಾರಿಗಳ ಎಂಜಿನ್ ಬಿಡಿಭಾಗಗಳನ್ನು ದುರಸ್ತಿ ಮಾಡಿ ಮರಳಿ ಬಳಕೆಗೆ ತರುವ ಕೌಶಲ ಈ ಸಣ್ಣ ಘಟಕಗಳಲ್ಲಿದೆ. ಅಂತಹ ಬಿಡಿಭಾಗಗಳಲ್ಲಿ ಟೈಮಿಂಗ್ ಕವರ್ ಒಂದು. ಈ ಸಣ್ಣ ದುರಸ್ತಿಯ ಹಿಂದಿರುವ ಲೆಕ್ಕವು ಮಾಲೀಕರ ಹಾಗೂ ಕಾರ್ಯಾಗಾರಗಳ ಗಮನಕ್ಕೆ ಅರ್ಹವಾಗಿದೆ.

ಕ್ರ್ಯಾಂಕ್‌ಶಾಫ್ಟಿನ ಚಲನೆಯನ್ನು ಕ್ಯಾಮ್‌ಶಾಫ್ಟಿಗೆ ಒಯ್ಯುವ ಗಿಯರ್ ಅಥವಾ ಚೈನನ್ನು ಈ ಕವರ್ ಮುಚ್ಚಿರುತ್ತದೆ. ನಮ್ಮ ಭಾರೀ ಡೀಸೆಲ್ ಲಾರಿಗಳಲ್ಲಿ ಬಹುಮಟ್ಟಿಗೆ ಗಿಯರ್‌ಗಳೇ ಇರುವುದರಿಂದ ಅಲ್ಲಿ ಆಯಿಲ್ ಸೀಲ್ ಕೂರುವ ಜಾಗದ ಸವೆತವೇ ಮುಖ್ಯ ತೊಂದರೆ. ಚೈನ್ ಇರುವ ಎಂಜಿನ್ನುಗಳಲ್ಲಿ ಟೆನ್ಷನರ್ ಸೋತರೆ ಸಡಿಲಗೊಂಡ ಚೈನ್ ಕವರಿನ ಒಳಗೋಡೆಯನ್ನು ಉಜ್ಜುತ್ತದೆ. ಲೋಹದ ಪುಡಿ ಆಯಿಲ್‌ಗೆ ಸೇರುತ್ತದೆ. ಕವರಿನಲ್ಲಿಯೇ ನೀರಿನ ಮಾರ್ಗವಿದ್ದು ಗೋಡೆ ತೂತಾದರೆ ನೀರು ಆಯಿಲ್‌ನೊಡನೆ ಬೆರೆತು ಬೇರಿಂಗುಗಳು ಹಾಳಾಗುತ್ತವೆ.

ಅಲ್ಯೂಮಿನಿಯಂ ಎರಕದಲ್ಲಿ ಇಂಗಿದ ಆಯಿಲನ್ನು ತೆಗೆದು, ಆರ್ಗಾನ್ ವೆಲ್ಡಿಂಗ್‌ನಿಂದ ಲೋಹ ತುಂಬಿ, ಗ್ಯಾಸ್ಕೆಟ್ ಮುಖವನ್ನು ಸಮತಟ್ಟುಗೊಳಿಸಿ, ಸೀಲಿನ ರಂಧ್ರವನ್ನು ಶಾಫ್ಟಿನೊಡನೆ ಏಕಕೇಂದ್ರವಾಗುವಂತೆ ಕೊರೆದರೆ ಕವರ್ ಮತ್ತೆ ಬಳಕೆಗೆ ಬರುತ್ತದೆ. ಆದರೆ ಸೋತ ಟೆನ್ಷನರ್, ಗೈಡ್ ಮತ್ತು ಚೈನನ್ನು ಹಾಗೆಯೇ ಬಿಟ್ಟರೆ ರೋಗವನ್ನು ಉಳಿಸಿಕೊಂಡು ಗಾಯಕ್ಕಷ್ಟೇ ಪಟ್ಟಿ ಕಟ್ಟಿದಂತಾಗುತ್ತದೆ. ಲಾರಿ ಎರಡನೆಯ ಬಾರಿ ನಿಂತಾಗ ಕಳೆದುಹೋಗುವ ಬಾಡಿಗೆಯೂ ಮೊದಲ ದುರಸ್ತಿಯ ವೆಚ್ಚವೇ ಎಂಬುದನ್ನು ಮರೆಯಲಾಗದು.

ಇಷ್ಟೆಲ್ಲ ಕೆಲಸ ಅನೇಕ ವೇಳೆ ಬಿಲ್ ಇಲ್ಲದೆಯೇ ಮುಗಿಯುತ್ತದೆ. ಸುಪ್ರೀಂ ಕೋರ್ಟ್ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ತೀರ್ಪಿನಲ್ಲಿ, ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವುದಲ್ಲ ಎಂದು ಸ್ಪಷ್ಟಪಡಿಸಿತು. ಕವರಿನ ದುರಸ್ತಿ ಮೊದಲನೆಯ ವರ್ಗಕ್ಕೇ ಸೇರುತ್ತದೆ. ಆದರೆ ದಾಖಲೆಯಿಲ್ಲದ ವೆಚ್ಚವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

10ಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರು ಊಹಾತ್ಮಕ ಆದಾಯ ಪದ್ಧತಿಯನ್ನು ಆರಿಸಿಕೊಂಡರೆ ದುರಸ್ತಿ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಹೀಗಿರುವಾಗ ಬಿಲ್ ಏಕೆ ಎಂದು ಅವರು ಕೇಳುವುದು ಸಹಜ. ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಆಯಿಲ್ ಸೋರಿದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಕಾಗದವಲ್ಲದೆ ಬೇರೆ ಸಾಕ್ಷಿಯಿಲ್ಲ ಎಂಬುದೇ ಅದಕ್ಕೆ ಉತ್ತರ.

ಕಾರ್ಯಾಗಾರದ ನಷ್ಟ ಇನ್ನೂ ದೊಡ್ಡದು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಘಟಕದ ಬಾಕಿಯನ್ನು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಪಾವತಿಸಬೇಕು. ತಡವಾದರೆ ಚಕ್ರಬಡ್ಡಿ ಸಲ್ಲುತ್ತದೆ. ಬಿಲ್ ಬರೆಯದ ಘಟಕ ಈ ಹಕ್ಕನ್ನು ಯಾವ ಆಧಾರದ ಮೇಲೆ ಕೇಳೀತು? ಬಿಲ್ ಎಂದರೆ ತೆರಿಗೆಯ ತೊಡಕು ಎಂಬ ಅಂಜಿಕೆಗೂ ಎಲ್ಲೆಡೆ ಕಾರಣವಿಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವಾ ಘಟಕಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಾದಾ ಬಿಲ್ ಸಾಕು.

ಲಾರಿಯ ಸಂಖ್ಯೆ, ಸವೆತದ ಕಾರಣ, ಮಾಡಿದ ಕೆಲಸ, ಬದಲಿಸಿದ ಭಾಗಗಳು, ಬದಲಿಸಲು ಸೂಚಿಸಿದರೂ ಮಾಲೀಕರು ಬೇಡವೆಂದ ಭಾಗಗಳು, ಪಡೆದ ಹಣ: ಈ ಆರು ಸಾಲುಗಳನ್ನು ಬರೆಯಲು ಐದು ನಿಮಿಷ ಸಾಕು. ಕೈಚಳಕಕ್ಕೆ ಪೀಣ್ಯದಲ್ಲಿ ಕೊರತೆಯಿಲ್ಲ. ಆ ಕೈಚಳಕ ಕಾಗದದ ಮೇಲೂ ದಾಖಲಾದರೆ ಮಾಲೀಕರ ಹಣಕ್ಕೂ ಕೆಲಸಗಾರರ ಶ್ರಮಕ್ಕೂ ರಕ್ಷಣೆ ದೊರೆಯುತ್ತದೆ.