ಮಂಜುಗಡ್ಡೆಯೊಳಗೂ ಒಂದು ಹೊಲ

ಮಕ್ಕಳೇ, ಆರ್ಕ್ಟಿಕ್ ಸಾಗರದ ಮಂಜುಗಡ್ಡೆ ಬರಡು ಎಂದುಕೊಂಡಿದ್ದೀರಾ? ಅದು ತಪ್ಪು. ಸಮುದ್ರದ ನೀರು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ. ಆಗ ಬೇರ್ಪಟ್ಟ ಉಪ್ಪು, ಮಂಜುಗಡ್ಡೆಯ ಸಣ್ಣ ಸಂದುಗಳಲ್ಲಿ ಗಾಢ ಉಪ್ಪುನೀರಾಗಿ ಉಳಿಯುತ್ತದೆ. ಅದು ಇನ್ನಷ್ಟು ಚಳಿಯಲ್ಲೂ ಗಟ್ಟಿಯಾಗದು. ಬ್ಯಾಕ್ಟೀರಿಯಾಗಳು ಮತ್ತು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ವಾಸಿಸುವುದು ಅಲ್ಲಿಯೇ. ವಸಂತದ ಬಿಸಿಲು ಬಂದೊಡನೆ ಪಾಚಿ ಹುಲುಸಾಗಿ ಬೆಳೆದು ಮಂಜುಗಡ್ಡೆಯ ತಳ ಕಂದು ಬಣ್ಣಕ್ಕೆ ತಿರುಗುತ್ತದೆ. ಪಾಚಿಯನ್ನು ಸೀಗಡಿಯಂಥ ಪುಟ್ಟ ಜೀವಿಗಳು, ಅವುಗಳನ್ನು ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ ತಿನ್ನುತ್ತವೆ.

1979ರಿಂದ ಉಪಗ್ರಹಗಳು ಅಳೆದಂತೆ ಅಲ್ಲಿನ ಬೇಸಿಗೆಯ ಮಂಜುಗಡ್ಡೆ ಕುಗ್ಗುತ್ತಾ ಬಂದಿದೆ. ಮಂಜುಗಡ್ಡೆ ಕರಗಿದರೆ ಹಿಮಕರಡಿ ನಿಲ್ಲುವ ನೆಲವಷ್ಟೇ ಅಲ್ಲ, ಅದರ ಅನ್ನ ಬೆಳೆಯುವ ಹೊಲವೂ ಹೋಗುತ್ತದೆ. ಆದ್ದರಿಂದ ಆಹಾರ ಸರಪಳಿಯ ಚಿತ್ರ ಬರೆಯುವಾಗ ಕರಡಿಯಿಂದಲ್ಲ, ಕಣ್ಣಿಗೆ ಕಾಣದ ಈ ಪಾಚಿಯಿಂದ ಆರಂಭಿಸಿ.